ಬೆನ್ನಿನ ಸೂಜಿ ಇಳಿದ ಮೇಲೆ: ಸಿಜೇರಿಯನ್ ನೋವಿಗೆ ನರ್ವ್ ಬ್ಲಾಕ್

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ನರವ್ಯೂಹದ ಪಾಠ ಮುಗಿಯುವ ಹೊತ್ತು. ಬೋರ್ಡಿನ ಮೇಲೆ ಒಂದು ನರಕೋಶ, ಅದರ ಉದ್ದನೆಯ ಆಕ್ಸಾನ್, ಹೊರಗೆ ಸೋಡಿಯಂ, ಒಳಗೆ ಪೊಟ್ಯಾಸಿಯಂ ಬರೆದಿದ್ದೆ. ಸಂಶಯ ಇದ್ದರೆ ಕೇಳಿ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದ.

“ಮೇಡಂ, ನಮ್ಮ ಆಪಾಗ ಮೊನ್ನೆ ಸಿಜೇರಿಯನ್ ಆತ್ರಿ. ಬೆನ್ನಿಗೆ ಸೂಜಿ ಕೊಟ್ಟಿದ್ರು. ಆಪರೇಷನ್ ಮಾಡೂ ಮುಂದ ಡಾಕ್ಟರ್ ಕೂಡ ಮಾತಾಡ್ಕೋತ ಇದ್ಲಂತ, ಏನೂ ಗೊತ್ತಾಗಿಲ್ಲ. ರಾತ್ರಿ ಮಾತ್ರ ಭಾಳ ಅತ್ಲು. ಕೂಸಿಗೆ ಹಾಲು ಕುಡಿಸಾಕ ಮಗ್ಗಲಾ ಹೊಳ್ಳಾಕೂ ಆಗವಲ್ದಾಗಿತ್ತು. ಹೊಟ್ಟಿ ಕೊಯ್ಯೂ ನೋವು ತಡಿಯೂ ಸೂಜಿ ರಾತ್ರಿ ನೋವು ಯಾಕ ತಡೀಲಿಲ್ರಿ?”

ಎರಡು ಮೂರು ಹುಡುಗರು ನಕ್ಕರು. ಹುಡುಗಿಯರ ಸಾಲು ತಲೆ ತಗ್ಗಿಸಿತು. ಅವನು ಮಾತ್ರ ನಗಲಿಲ್ಲ, ಉತ್ತರಕ್ಕಾಗಿ ನಿಂತೇ ಇದ್ದ. ಈ ವರ್ಷ ನನ್ನ ತರಗತಿಯಲ್ಲಿ ಬಂದ ಪ್ರಶ್ನೆಗಳಲ್ಲಿ ಇಷ್ಟು ಒಳ್ಳೆಯದು ಇನ್ನೊಂದಿಲ್ಲ. ಅರ್ಧ ಉತ್ತರ ಹೇಳುವಷ್ಟರಲ್ಲಿ ಬೆಲ್ ಆಯಿತು. ಉಳಿದದ್ದನ್ನು ಪುಸ್ತಕ ತೆಗೆದು ಓದಿ, ಪರಿಚಯದ ಅರಿವಳಿಕೆ ವೈದ್ಯೆಯೊಬ್ಬರನ್ನು ಕೇಳಿ ತಿಳಿದುಕೊಂಡು ಇಲ್ಲಿ ಬರೆಯುತ್ತಿದ್ದೇನೆ.

ನಕ್ಕವರಿಗೆ ಮೊದಲು ಒಂದು ಲೆಕ್ಕ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ. 23.6 ಸಿಜೇರಿಯನ್ ಆಗಿದ್ದವು. 2019-21ರ ಸಮೀಕ್ಷೆಯಲ್ಲಿ ಅದು ಶೇ. 31.5ಕ್ಕೆ ಏರಿತು. ಅಂದರೆ ನಮ್ಮ ರಾಜ್ಯದಲ್ಲಿ ಸುಮಾರು ಮೂರು ಹೆರಿಗೆಗೆ ಒಂದು. ಇಷ್ಟೊಂದು ಆಪರೇಷನ್ ಬೇಕೇ ಎನ್ನುವುದು ಬೇರೆ ಚರ್ಚೆ, ಅದು ಇಲ್ಲಿ ಬೇಡ. ಆದರೆ ನಿಮ್ಮ ಮನೆಯಲ್ಲಿ ಅಕ್ಕ, ಭಾಬಿ, ಚಿಕ್ಕಮ್ಮ ಎಂದು ಎಣಿಸುತ್ತ ಹೋದರೆ ಯಾರಿಗಾದರೂ ಈ ಗಾಯ ಇದ್ದೇ ಇರುತ್ತದೆ. ಅವರ ಮೊದಲ ರಾತ್ರಿ ಹೇಗೆ ಕಳೆಯಿತು ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಕೂಸು ಗಂಡೋ ಹೆಣ್ಣೋ, ತೂಕ ಎಷ್ಟು, ಇಷ್ಟೇ ಕೇಳುತ್ತೇವೆ.

ಈಗ ಬೋರ್ಡಿನ ಚಿತ್ರಕ್ಕೆ ಬರೋಣ. ನೋವು ಎನ್ನುವುದು ಚರ್ಮದಲ್ಲಿ ಹುಟ್ಟುವ ವಸ್ತುವಲ್ಲ. ಗಾಯದ ಜಾಗದಿಂದ ನರದ ಮೂಲಕ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಹೋಗುವ ಒಂದು ಸಂದೇಶ. ಆ ಸಂದೇಶ ಸಾಗುವುದು ಸೋಡಿಯಂ ಅಯಾನುಗಳು ಆಕ್ಸಾನಿನ ಒಳಗೆ ನುಗ್ಗುವುದರಿಂದ. ನಮ್ಮ ಹತ್ತರಗಿಯ ಟೋಲ್ ನಾಕಾ ನೆನೆಸಿಕೊಳ್ಳಿ. ಗಾಡಿಗಳು ಸಾಲಾಗಿ ನಿಂತಿವೆ, ದಂಡಿಗೆ ಮೇಲೆದ್ದ ಕೂಡಲೇ ನುಗ್ಗುತ್ತವೆ. ಸೋಡಿಯಂ ಹಾಗೆ ಹೊರಗೆ ಕಾದು ನಿಂತಿರುತ್ತದೆ. ಪೊರೆಯ ವಿದ್ಯುತ್ ವಿಭವ ಸ್ವಲ್ಪ ಬದಲಾದರೆ ಚಾನೆಲ್ ತೆರೆಯುತ್ತದೆ, ಸೋಡಿಯಂ ಒಳಬರುತ್ತದೆ. ಅದರಿಂದ ಪಕ್ಕದ ಜಾಗದ ವಿಭವ ಬದಲಾಗಿ ಅಲ್ಲಿನ ಚಾನೆಲ್ ತೆರೆಯುತ್ತದೆ. ಹೀಗೆ ಒಂದರ ಹಿಂದೊಂದು ತೆರೆಯುತ್ತ ಹೋಗುವುದೇ ಆ್ಯಕ್ಷನ್ ಪೊಟೆನ್ಷಿಯಲ್.

ಮರಗಟ್ಟಿಸುವ ಔಷಧ ಮಾಡುವ ಕೆಲಸ ಇಷ್ಟೇ: ಆ ದಂಡಿಗೆ ಏಳದಂತೆ ಒಳಗಿನಿಂದ ಹಿಡಿದು ನಿಲ್ಲುವುದು. ಔಷಧ ಗೇಟಿನಿಂದ ಒಳಗೆ ಹೋಗುವುದಿಲ್ಲ, ಗೋಡೆ ದಾಟಿ ಹೋಗುತ್ತದೆ. ಆಕ್ಸಾನಿನ ಪೊರೆ ಕೊಬ್ಬಿನಿಂದ ಆದದ್ದು. ವಿದ್ಯುದಂಶ ಇಲ್ಲದ ಅಣು ಮಾತ್ರ ಕೊಬ್ಬನ್ನು ಸುಲಭವಾಗಿ ದಾಟುತ್ತದೆ. ಒಳಗೆ ಹೋದ ಮೇಲೆ ಅದೇ ಅಣು ಒಂದು ಪ್ರೋಟಾನ್ ಪಡೆದು ಧನ ವಿದ್ಯುದಂಶದ ರೂಪಕ್ಕೆ ಬರುತ್ತದೆ. ಚಾನೆಲ್‌ನ ಒಳಬಾಯಿಗೆ ಅಂಟಿಕೊಳ್ಳುವುದು ಮುಖ್ಯವಾಗಿ ಈ ರೂಪ. ರಸಾಯನಶಾಸ್ತ್ರದಲ್ಲಿ ನೀವು ಓದುವ ದುರ್ಬಲ ಪ್ರತ್ಯಾಮ್ಲದ ಸಮತೋಲನ ಇದೇ. ಬುಪಿವಕೇನ್ ಔಷಧದ ಪಿಕೆಎ 8.1, ರಕ್ತದ ಪಿಎಚ್ 7.4. ವ್ಯತ್ಯಾಸ 0.7. ಹತ್ತರ 0.7ನೇ ಘಾತ ಸುಮಾರು 5. ಹಾಗಾದರೆ ವಿದ್ಯುದಂಶ ಇರುವ 5 ಅಣುಗಳಿಗೆ ಇಲ್ಲದ್ದು 1, ಅಂದರೆ ಆರರಲ್ಲಿ ಒಂದು ಭಾಗ, ಸುಮಾರು ಶೇ. 17. ಹಲ್ಲಿನ ಡಾಕ್ಟರ್ ಬಳಸುವ ಲಿಗ್ನೋಕೇನ್‌ಗೆ ಪಿಕೆಎ 7.9, ಅದರಲ್ಲಿ ದಾಟಬಲ್ಲ ಭಾಗ ಸುಮಾರು ಶೇ. 24. ಲಿಗ್ನೋಕೇನ್ ಬೇಗ ಹಿಡಿಯುವುದಕ್ಕೆ ಇದೊಂದು ಕಾರಣ. ಕೀವು ತುಂಬಿದ ಹಲ್ಲಿಗೆ ಸೂಜಿ ಸರಿಯಾಗಿ ಹಿಡಿಯುವುದಿಲ್ಲ ಎಂದು ಕೇಳಿದ್ದೀರಲ್ಲ? ಕೀವಿನ ಜಾಗದಲ್ಲಿ ಪಿಎಚ್ ಇಳಿದಿರುತ್ತದೆ, ಗೋಡೆ ದಾಟಬಲ್ಲ ಅಣುಗಳು ಇನ್ನೂ ಕಡಿಮೆಯಾಗುತ್ತವೆ.

ಈ ಔಷಧಗಳ ಕಥೆ 1884ರಲ್ಲಿ ಶುರುವಾಯಿತು. ವಿಯೆನ್ನಾದ ಕಾರ್ಲ್ ಕೊಲರ್ ಎಂಬ ಯುವ ವೈದ್ಯ ಕೊಕೇನ್ ಹನಿ ಹಾಕಿ ಕಣ್ಣನ್ನು ಮರಗಟ್ಟಿಸಬಹುದು ಎಂದು ತೋರಿಸಿದ. ಬೆನ್ನಿನ ಸೂಜಿಯನ್ನು ಆಪರೇಷನ್‌ಗೆ ಬಳಸಿದ್ದು 1898ರಲ್ಲಿ, ಜರ್ಮನಿಯ ಕೀಲ್ ನಗರದ ಆಗಸ್ಟ್ ಬಿಯರ್. ಆತ ಮತ್ತು ಆತನ ಸಹಾಯಕ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡರು. ಬಿಯರ್‌ಗೆ ಆಮೇಲೆ ದಿನಗಟ್ಟಲೆ ತಲೆನೋವು, ಎದ್ದು ಕೂತರೆ ಹೆಚ್ಚು, ಮಲಗಿದರೆ ಕಡಿಮೆ. ಬೆನ್ನಿನ ಸೂಜಿಯ ತೂತಿನಿಂದ ಮಿದುಳುಬಳ್ಳಿಯ ದ್ರವ ಸೋರಿದರೆ ಬರುವ ತಲೆನೋವು ಇದು. ಈಗ ಕೂದಲೆಳೆಯಂಥ ಸಣ್ಣ ಸೂಜಿ ಬಳಸುವುದರಿಂದ ಬಹಳ ಕಡಿಮೆಯಾಗಿದೆ.

ಇನ್ನು ಆ ಹುಡುಗನ ಪ್ರಶ್ನೆ. ಸಿಜೇರಿಯನ್‌ಗೆ ಸಾಮಾನ್ಯವಾಗಿ ಕೊಡುವುದು ಶೇ. 0.5ರ ಬುಪಿವಕೇನ್, ಸುಮಾರು 2 ಮಿಲಿಲೀಟರ್, ಅಂದರೆ 10 ಮಿಲಿಗ್ರಾಂ ಅಷ್ಟೇ. ಒಂದು ಚಹಾ ಚಮಚದ ಅರ್ಧವೂ ಇಲ್ಲ. ಅದಕ್ಕೆ ಗ್ಲೂಕೋಸ್ ಬೆರೆಸಿರುತ್ತಾರೆ. ಶಕ್ತಿ ಬರಲಿ ಎಂದಲ್ಲ, ಔಷಧ ಬೆನ್ನುಹುರಿಯ ಸುತ್ತಲಿನ ದ್ರವಕ್ಕಿಂತ ಭಾರವಾಗಲಿ ಎಂದು. ಭಾರವಾದ ಔಷಧ ಗುರುತ್ವದ ಕಡೆಗೆ ಇಳಿಯುತ್ತದೆ. ಟೇಬಲ್ ಓರೆ ಮಾಡಿ ಅದು ಎಲ್ಲಿಯವರೆಗೆ ಏರಬೇಕೆಂದು ವೈದ್ಯರು ಹಿಡಿತದಲ್ಲಿ ಇಟ್ಟುಕೊಳ್ಳಬಹುದು. ಭೌತಶಾಸ್ತ್ರದವರು ಗಮನಿಸಿ, ಸಾಂದ್ರತೆಯ ಪಾಠ ಆಪರೇಷನ್ ಟೇಬಲ್ ಮೇಲೂ ಇದೆ. ಬೆನ್ನುಹುರಿಗೆ ಬರುವ ಎಲ್ಲ ತಂತಿಗಳೂ ಒಂದೇ ಜಾಗದಲ್ಲಿ ಸೇರುವುದರಿಂದ ಇಷ್ಟು ಕಡಿಮೆ ಔಷಧದಿಂದ ಎದೆಯ ಕೆಳಗಿನ ಭಾಗವೆಲ್ಲ ಮರಗಟ್ಟುತ್ತದೆ. ಆದರೆ ಔಷಧ ಅಲ್ಲೇ ಉಳಿಯುವುದಿಲ್ಲ. ರಕ್ತ ಅದನ್ನು ಒಯ್ಯುತ್ತದೆ, ಯಕೃತ್ತು ಒಡೆಯುತ್ತದೆ. ಎರಡು ಮೂರು ಗಂಟೆಯಲ್ಲಿ ಸೂಜಿ ಇಳಿಯುತ್ತದೆ. ಗಾಯ ಮಾತ್ರ ಹಾಗೇ ಇರುತ್ತದೆ. ಮಧ್ಯಾಹ್ನ ಆಪರೇಷನ್ ಆದರೆ ಸಂಜೆ ಬಂಧುಗಳು ಹಣ್ಣು ಹಿಡಿದು ಬರುವ ಹೊತ್ತಿಗೆ ನೋವು ಶುರು, ಅವರು ಹೋದ ಮೇಲೆ ರಾತ್ರಿ ಜೋರು.

ಆ ನೋವು ಒಂದಲ್ಲ, ಎರಡು. ನನಗೂ ಇದು ಈ ಲೇಖನಕ್ಕಾಗಿ ಓದುವವರೆಗೆ ಸ್ಪಷ್ಟವಾಗಿ ಗೊತ್ತಿರಲಿಲ್ಲ.

ಮೊದಲನೆಯದು ಹೊಟ್ಟೆಯ ಗೋಡೆಯದು. ಹೊಕ್ಕುಳಿನ ಬಹಳ ಕೆಳಗೆ, ಅಡ್ಡಲಾಗಿ, ಗೇಣಿಗಿಂತ ಕಡಿಮೆ ಉದ್ದದ ಕೊಯ್ತ. ಕೆಮ್ಮಿದರೆ, ನಕ್ಕರೆ, ಮಗ್ಗಲು ಬದಲಿಸಿದರೆ ಚುಚ್ಚುವುದು ಇದು. ಕೈಯಿಟ್ಟು ಇಲ್ಲೇ ಎಂದು ತೋರಿಸಬಹುದು. ಎರಡನೆಯದು ಗರ್ಭಕೋಶದ್ದು. ಅದು ಕುಗ್ಗುತ್ತ ಮೊದಲಿನ ಗಾತ್ರಕ್ಕೆ ಮರಳುವಾಗ ಒಳಗೆ ಹಿಂಡಿದಂತೆ ಬರುವ ನೋವು. ಕೂಸು ಹಾಲು ಕುಡಿಯುವಾಗ ಆಕ್ಸಿಟೋಸಿನ್ ಬಿಡುಗಡೆಯಾಗಿ ಗರ್ಭಕೋಶ ಇನ್ನೂ ಕುಗ್ಗುತ್ತದೆ, ಆಗ ಹೆಚ್ಚು. ಇದರ ಜಾಗ ಬೆರಳಿಟ್ಟು ತೋರಿಸಲು ಬರುವುದಿಲ್ಲ. ಮೊದಲನೆಯದರ ತಂತಿಗಳು ಹೊಟ್ಟೆಯ ಗೋಡೆಯೊಳಗೆ ಓಡುವ ನರಗಳು. ಎರಡನೆಯದರ ತಂತಿಗಳು ಸಿಂಪಥೆಟಿಕ್ ನರಗಳ ಜೊತೆ ಬೇರೆ ದಾರಿಯಲ್ಲಿ ಹೋಗುತ್ತವೆ. ನರ್ವ್ ಬ್ಲಾಕ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎನ್ನುವುದೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಹೊಟ್ಟೆಯ ಗೋಡೆ ಹೇಗಿದೆ ಎಂದು ಹೇಳಲು ನನಗೆ ಕೌದಿಗಿಂತ ಒಳ್ಳೆಯ ಹೋಲಿಕೆ ಸಿಗಲಿಲ್ಲ. ನಿಮ್ಮ ದಾದಿ, ಅಜ್ಜಿ ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ಕೌದಿ ಮನೆಯಲ್ಲಿ ಇರಬೇಕು. ಹೊಟ್ಟೆಯ ಪಕ್ಕದಲ್ಲಿ ಚರ್ಮ ಮತ್ತು ಕೊಬ್ಬಿನ ಕೆಳಗೆ ಮೂರು ತೆಳು ಸ್ನಾಯುಗಳು ಹಾಗೆ ಹಾಸಿಕೊಂಡಿವೆ. ಮೇಲಿನದು ಎಕ್ಸ್‌ಟರ್ನಲ್ ಆಬ್ಲಿಕ್, ನಡುವಿನದು ಇಂಟರ್ನಲ್ ಆಬ್ಲಿಕ್, ಕೆಳಗಿನದು ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್. ಬೆನ್ನಿನಿಂದ ಹೊರಟು ಮುಂದಕ್ಕೆ ಬರುವ ನರಗಳು ನಡುವಿನ ಮತ್ತು ಕೆಳಗಿನ ಪದರಗಳ ಸಂದಿಯಲ್ಲಿ ಓಡುತ್ತವೆ. ಎದೆಯ ಮಟ್ಟದ ಕೊನೆಯ ಕೆಲವು ನರಗಳು, ಸೊಂಟದ ಮಟ್ಟದ ಮೊದಲನೆಯ ನರ, ಎಲ್ಲವೂ ಅಲ್ಲಿವೆ. ಸಿಜೇರಿಯನ್ ಕೊಯ್ತದ ಜಾಗಕ್ಕೆ ಹೋಗುವ ತಂತಿಗಳೂ ಅವೇ. ಆ ಸಂದಿಗೆ ಎರಡೂ ಪಕ್ಕದಲ್ಲಿ ಔಷಧ ಬಿಟ್ಟರೆ ಅದು ಹರಡಿಕೊಂಡು ನರಗಳನ್ನು ತೋಯಿಸುತ್ತದೆ. ಸ್ನಾಯುವಿನ ಹೆಸರಿನಿಂದಲೇ ಇದಕ್ಕೆ ಟ್ಯಾಪ್ ಬ್ಲಾಕ್ ಎನ್ನುತ್ತಾರೆ.

ಔಷಧ ಸಾಕಷ್ಟು ಪ್ರಮಾಣದಲ್ಲಿ ಇರಬೇಕು. ಮಯಲಿನ್ ಹೊದಿಕೆಯ ನರದಲ್ಲಿ ಸಂದೇಶ ರಾನ್ವಿಯರ್ ಗಂಟಿನಿಂದ ಗಂಟಿಗೆ ಹಾರುತ್ತದೆ ಎಂದು ಓದಿದ್ದೀರಿ. ಒಂದೋ ಎರಡೋ ಗಂಟು ಮುಚ್ಚಿದರೆ ಸಂದೇಶ ಅದನ್ನೂ ಹಾರಿ ದಾಟಬಲ್ಲದು. ಸಾಲಾಗಿ ಮೂರು ಗಂಟುಗಳಾದರೂ ಔಷಧದಲ್ಲಿ ತೋಯಬೇಕು. ನರದ ಪಕ್ಕ ಒಂದು ಹನಿ ಬಿಟ್ಟು ಬರುವ ಕೆಲಸ ಇದಲ್ಲ.

ಟ್ಯಾಪ್ ಬ್ಲಾಕ್ ಬಹಳ ಹಳೆಯದಲ್ಲ. 2001ರಲ್ಲಿ ರಫಿ ಎಂಬ ವೈದ್ಯರು ಇದನ್ನು ವಿವರಿಸಿದರು. ಆಗ ಕಣ್ಣಿಗೆ ಕಾಣುವ ಯಂತ್ರ ಇರಲಿಲ್ಲ, ಬೆರಳಿನ ಅಂದಾಜು. ಸೊಂಟದ ಎಲುಬಿನ ಅಂಚಿನ ಮೇಲೆ, ಪಕ್ಕದಲ್ಲಿ, ಪೆಟಿ ತ್ರಿಕೋನ ಎಂಬ ಸಣ್ಣ ಜಾಗವಿದೆ. ಅಲ್ಲಿ ಸೂಜಿ ಇಳಿಸಿದರೆ ಪದರ ದಾಟುವಾಗ ಕೈಗೆ ಪಟ್ ಎಂದು ಒಂದು ಅನುಭವ ಬರುತ್ತದೆ. ಕೌದಿ ಹೊಲಿದವರಿಗೆ ಇದು ಗೊತ್ತು, ಒಂದೊಂದು ಬಟ್ಟೆ ದಾಟಿದಾಗಲೂ ಸೂಜಿ ಹೇಳುತ್ತದೆ. ಎರಡನೆಯ ಪಟ್ ಆದ ಮೇಲೆ ಔಷಧ. ಆಮೇಲೆ ಅಲ್ಟ್ರಾಸೌಂಡ್ ಬಂತು. ಪರದೆಯ ಮೇಲೆ ಮೂರು ಪದರಗಳೂ ಕಾಣುತ್ತವೆ, ಸೂಜಿಯ ತುದಿ ಕಾಣುತ್ತದೆ, ಔಷಧ ಬಿಟ್ಟ ಕೂಡಲೇ ಎರಡು ಪದರ ಬೇರೆಯಾಗಿ ನಡುವೆ ಕಪ್ಪು ಕಣ್ಣಿನ ಆಕಾರ ತೆರೆದುಕೊಳ್ಳುತ್ತದೆ.

2008ರಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ ಮೆಕ್‌ಡೊನೆಲ್ ಮತ್ತು ಸಂಗಡಿಗರು ಸಿಜೇರಿಯನ್ ಆದ 50 ಮಹಿಳೆಯರ ಮೇಲೆ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು. ಅರ್ಧದಷ್ಟು ಮಂದಿಗೆ ಬ್ಲಾಕ್‌ನಲ್ಲಿ ನಿಜವಾದ ಔಷಧ, ಉಳಿದವರಿಗೆ ಬರೀ ಸಲೈನ್. ಯಾರಿಗೆ ಯಾವುದು ಎಂದು ಚೀಟಿ ಎತ್ತಿದಂತೆ ನಿರ್ಧಾರ. ಬೇಕೆನಿಸಿದಾಗ ಮಾರ್ಫಿನ್ ಎಲ್ಲರಿಗೂ ಇತ್ತು. 48 ಗಂಟೆಯಲ್ಲಿ ಸಲೈನ್ ಪಡೆದವರಿಗೆ ಸರಾಸರಿ 66 ಮಿಲಿಗ್ರಾಂ ಮಾರ್ಫಿನ್ ಬೇಕಾಯಿತು, ಬ್ಲಾಕ್ ಪಡೆದವರಿಗೆ 18. ಎಷ್ಟು ಶೇಕಡಾ ಇಳಿಯಿತು ಎಂದು ನೀವೇ ಲೆಕ್ಕ ಹಾಕಿ.

ಇಲ್ಲಿಗೆ ನಿಲ್ಲಿಸಿದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದಂತೆ. ಬ್ಲಾಕ್ ಎಲ್ಲಕ್ಕಿಂತ ಮೇಲು ಎಂದೇನೂ ಇಲ್ಲ. ಬೆನ್ನಿನ ಸೂಜಿಯ ಜೊತೆಯಲ್ಲೇ ಸ್ವಲ್ಪ ಮಾರ್ಫಿನ್, 50ರಿಂದ 100 ಮೈಕ್ರೋಗ್ರಾಂ, ಬೆರೆಸಿ ಕೊಟ್ಟರೆ ಅದರ ಪರಿಣಾಮ ಒಂದು ಹಗಲು ರಾತ್ರಿಯ ಹತ್ತಿರ ಉಳಿಯುತ್ತದೆ. ಮಾರ್ಫಿನ್ ಬೆನ್ನುಹುರಿಯಲ್ಲೇ ಕೆಲಸ ಮಾಡುವುದರಿಂದ ಗೋಡೆಯ ನೋವು, ಗರ್ಭಕೋಶದ ನೋವು ಎರಡನ್ನೂ ಹಿಡಿಯುತ್ತದೆ. ತುರಿಕೆ, ವಾಕರಿಕೆ ಬರಬಹುದು, ಉಸಿರಾಟದ ಮೇಲೆ ನಿಗಾ ಬೇಕು. ಈ ಎರಡನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಮಾರ್ಫಿನ್ನೇ ಮುಂದೆ ಬಂದಿದೆ. ಅದು ಕೊಟ್ಟಿದ್ದರೆ ಟ್ಯಾಪ್ ಬ್ಲಾಕ್‌ನಿಂದ ಹೆಚ್ಚಿನ ಲಾಭ ಬಹಳ ಇಲ್ಲ. ಪ್ರಾಸ್ಪೆಕ್ಟ್ ಎಂಬ ಯುರೋಪಿನ ತಜ್ಞರ ಗುಂಪು 2021ರಲ್ಲಿ ಕೊಟ್ಟ ಸಲಹೆಯೂ ಹಾಗೇ ಇದೆ: ಮೊದಲು ಬೆನ್ನಿನ ಸೂಜಿಯಲ್ಲಿ ಮಾರ್ಫಿನ್, ಜೊತೆಗೆ ಪ್ಯಾರಾಸಿಟಮಾಲ್ ಮತ್ತು ಉರಿಯೂತ ಇಳಿಸುವ ನೋವಿನ ಔಷಧ. ಮಾರ್ಫಿನ್ ಕೊಟ್ಟಿಲ್ಲದಿದ್ದರೆ ಗಾಯದ ಅಂಚಿಗೆ ಮರಗಟ್ಟಿಸುವ ಔಷಧ ಅಥವಾ ಟ್ಯಾಪ್‌ನಂಥ ಬ್ಲಾಕ್.

ಹಾಗಾದರೆ ಮಾರ್ಫಿನ್ನೇ ಕೊಡಬಹುದಲ್ಲ ಎಂದು ಕೇಳುತ್ತೀರಿ. ಇಲ್ಲಿ ನಮ್ಮ ದೇಶದ ಒಂದು ವಿಚಿತ್ರವಿದೆ. ಮಾರ್ಫಿನ್ ಬರುವುದು ಅಫೀಮಿನ ಗಿಡದಿಂದ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿ ಪಡೆದ ರೈತರು ಅದನ್ನು ಬೆಳೆಯುತ್ತಾರೆ. ಗಾಜಿಪುರ ಮತ್ತು ನೀಮಚ್‌ಗಳಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ. ಆದರೂ ಸಣ್ಣ ಊರಿನ ಆಸ್ಪತ್ರೆಯ ಕಪಾಟಿನಲ್ಲಿ ಮಾರ್ಫಿನ್ ಸಿಗುವುದು ಅಪರೂಪ. 1985ರ ಮಾದಕ ವಸ್ತು ಕಾಯ್ದೆ ಎಷ್ಟು ಬಿಗಿ ಇತ್ತೆಂದರೆ ಪರವಾನಗಿ, ರಿಜಿಸ್ಟರ್, ತಪಾಸಣೆಯ ತಾಪತ್ರಯ ಬೇಡವೆಂದು ಎಷ್ಟೋ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿಯಲ್ಲಿ ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ನಿಯಮ ಸಡಿಲವಾಯಿತು. ಅಭ್ಯಾಸ ಅಷ್ಟು ಬೇಗ ಬದಲಾಗುವುದಿಲ್ಲ.

ಬುಪಿವಕೇನ್‌ಗೆ ಆ ಕಾಯ್ದೆಯ ಕಾಟ ಇಲ್ಲ. ಅದು ಬೆನ್ನಿನ ಸೂಜಿಗೆ ಹೇಗೂ ಬೇಕು, ಆದ್ದರಿಂದ ಆಪರೇಷನ್ ಥಿಯೇಟರ್ ಇರುವಲ್ಲೆಲ್ಲ ಇರುತ್ತದೆ, ದುಬಾರಿಯೂ ಅಲ್ಲ. ಗಾಲ್ವೇಯ ಮಹಿಳೆಯರಿಗೂ ಬೆನ್ನಿನ ಸೂಜಿಯಲ್ಲಿ ಮಾರ್ಫಿನ್ ಕೊಟ್ಟಿರಲಿಲ್ಲ ಎನ್ನುವುದನ್ನು ಗಮನಿಸಿ. ನಮ್ಮ ತಾಲೂಕು ಊರುಗಳ ಬಾಣಂತಿಯ ಸ್ಥಿತಿಗೆ ಆ ಪರೀಕ್ಷೆ ಹತ್ತಿರ. ದೊಡ್ಡ ಊರಿನಲ್ಲಿ ಎರಡನೇ ಆಯ್ಕೆಯಾಗಿರುವ ನರ್ವ್ ಬ್ಲಾಕ್ ಇಲ್ಲಿ ಮೊದಲನೆಯದಾಗಬೇಕು ಎಂದು ನನಗೆ ಅನಿಸುವುದು ಅದಕ್ಕೇ.

ಆದರೆ ಅಲ್ಟ್ರಾಸೌಂಡ್ ಯಂತ್ರಕ್ಕೆ ಇನ್ನೊಂದು ಕಾಯ್ದೆ ಇದೆ. ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಮೇಲೆ ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಬೋರ್ಡ್ ನೋಡಿದ್ದೀರಿ. 1994ರ ಆ ಕಾಯ್ದೆಯಂತೆ ಯಂತ್ರ ನೋಂದಣಿಯಾಗಬೇಕು, ಬಳಸುವ ವೈದ್ಯರ ಹೆಸರೂ ದಾಖಲೆಯಲ್ಲಿರಬೇಕು. ನರ ಹುಡುಕಲು ಯಂತ್ರ ಬೇಕೆನ್ನುವ ಅರಿವಳಿಕೆ ವೈದ್ಯರಿಗೂ ಇದೇ ನಿಯಮ. ಹೆಣ್ಣು ಮಕ್ಕಳನ್ನು ಉಳಿಸಲು ಬಂದ ಕಾಯ್ದೆ ಅದು, ಅದರ ಬಿಗಿ ಕಡಿಮೆಯಾಗಲಿ ಎಂದು ನಾನು ಹೇಳುವುದಿಲ್ಲ. ಹೆಣ್ಣನ್ನು ಬೇಡವೆಂದವರ ದೆಸೆಯಿಂದ ಹೆತ್ತವಳ ನೋವಿನ ಮದ್ದಿಗೂ ಅರ್ಜಿ ಬರೆಯುವ ಹಾಗಾಯಿತಲ್ಲ ಎಂದು ಬೇಸರವಾಗುತ್ತದೆ, ಅಷ್ಟೆ. ಯಂತ್ರ ಇಲ್ಲದ ಕಡೆ ದಾರಿ ಇಲ್ಲವೆಂದಲ್ಲ. ಹೊಟ್ಟೆ ಹೊಲಿಯುವ ಮುನ್ನ ಶಸ್ತ್ರಚಿಕಿತ್ಸಕರೇ ಒಳಗಿನಿಂದ ಆ ಪದರಕ್ಕೆ ಔಷಧ ಬಿಡಬಹುದು, ಇಲ್ಲವೇ ಗಾಯದ ಅಂಚಿಗೆ ಬಿಡಬಹುದು.

ಬ್ಲಾಕ್ ಕೊಡುವುದು ಸಾಮಾನ್ಯವಾಗಿ ಹೊಲಿಗೆ ಮುಗಿದ ಕೂಡಲೇ, ಟೇಬಲ್ ಮೇಲೆಯೇ. ಬೆನ್ನಿನ ಸೂಜಿ ಇನ್ನೂ ಇಳಿದಿರುವುದಿಲ್ಲ, ಹಾಗಾಗಿ ಈ ಸೂಜಿ ಚುಚ್ಚಿದ್ದು ಗೊತ್ತೇ ಆಗುವುದಿಲ್ಲ. ಆಮೇಲೆ ಕಾಲು ಭಾರವಾಗುವುದು ಅಪರೂಪ, ಎದ್ದು ನಡೆಯಲು ಅಡ್ಡಿಯಿಲ್ಲ. ಆ ಪದರದಲ್ಲಿ ರಕ್ತ ಸಂಚಾರ ಕಡಿಮೆ, ಔಷಧ ನಿಧಾನವಾಗಿ ಖಾಲಿಯಾಗುತ್ತದೆ, ಸುಮಾರು ಹನ್ನೆರಡು ಗಂಟೆಯವರೆಗೂ ಕೆಲಸ ಮಾಡಬಹುದು. ಆ ರಾತ್ರಿಗೆ ಬೇಕಾದದ್ದು ಅಷ್ಟೇ. ಗರ್ಭಕೋಶದ ಹಿಂಡುವ ನೋವಿಗೆ ಮಾತ್ರ ಇದರಿಂದ ಉಪಯೋಗವಿಲ್ಲ, ಅದರ ತಂತಿ ಬೇರೆ ಎಂದು ಮೇಲೆ ಹೇಳಿದೆ. ಅದಕ್ಕೆ ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್‌ನಂಥ ಔಷಧ ಗಂಟೆ ನೋಡಿ ಕೊಡಬೇಕು, ಅಳು ನೋಡಿ ಅಲ್ಲ. ಕಿಡ್ನಿ ತೊಂದರೆ, ಅಸ್ತಮಾ, ಬಿಪಿ ಇದ್ದವರಿಗೆ ಯಾವುದು ಸರಿ ಎಂದು ವೈದ್ಯರೇ ತೀರ್ಮಾನಿಸುತ್ತಾರೆ.

ಬ್ಲಾಕ್‌ಗೂ ಅಪಾಯ ಇದೆ, ಬಚ್ಚಿಡುವುದು ಬೇಡ. ಬುಪಿವಕೇನ್ ಹೆಚ್ಚಾಗಿ ರಕ್ತಕ್ಕೆ ಸೇರಿದರೆ ಹೃದಯದ ಸೋಡಿಯಂ ಚಾನೆಲ್‌ಗಳನ್ನೂ ಹಿಡಿಯುತ್ತದೆ. ಬಾಯಿ ಸುತ್ತ ಜೋಮು, ಕಿವಿಯಲ್ಲಿ ಗುಂಯ್ ಶಬ್ದ, ಫಿಟ್ಸ್, ಕೊನೆಗೆ ಹೃದಯ ನಿಲ್ಲುವವರೆಗೂ ಹೋಗಬಹುದು. ಗರ್ಭಿಣಿ ಮತ್ತು ಬಾಣಂತಿಯರಿಗೆ ಈ ಅಪಾಯ ಸ್ವಲ್ಪ ಹೆಚ್ಚು. ಆದ್ದರಿಂದ ತೂಕ ನೋಡಿ ಮಿತಿ ಹಾಕುತ್ತಾರೆ, ಸಾಮಾನ್ಯವಾಗಿ ಕಿಲೋಗೆ 2 ಮಿಲಿಗ್ರಾಂ. ಶೇ. 20ರ ಕೊಬ್ಬಿನ ದ್ರಾವಣವನ್ನು ಕೈಗೆ ಸಿಗುವಂತೆ ಇಟ್ಟುಕೊಂಡಿರುತ್ತಾರೆ. ಕೊಬ್ಬು ದಾಟಿ ಒಳಗೆ ಹೋಗುವ ಔಷಧವನ್ನು ಹೊರಗೆಳೆಯಲು ಕೊಬ್ಬನ್ನೇ ರಕ್ತಕ್ಕೆ ಬಿಡುವುದು! ಇದನ್ನು ಓದಿದಾಗ ನಾನು ಸ್ಟಾಫ್ ರೂಮಿನಲ್ಲಿ ರಸಾಯನಶಾಸ್ತ್ರದ ಸರ್‌ಗೆ ಕೂಗಿ ಹೇಳಿದ್ದೆ.

ವಾರ ಕಳೆದ ಮೇಲೆ ಆ ಹುಡುಗ ಕಾರಿಡಾರಿನಲ್ಲಿ ಸಿಕ್ಕ. “ಆಪಾ ಈಗ ಆರಾಮ ಅದಾಳ್ರಿ ಮೇಡಂ. ಅಮ್ಮಿ ಮಾತ್ರ, ಬೆನ್ನಿನ ಸೂಜಿ ತಗೊಂಡಿ, ಇನ್ನ ಜನ್ಮಪೂರ್ತಿ ಸೊಂಟ ನೋಯ್ತದ ಅಂತಾಳ್ರಿ. ನೋವಿನ ಗುಳಿಗಿ ತಗೊಂಡ್ರ ಹಾಲು ಕೆಡ್ತದಂತ ಅರ್ಧ ಗುಳಿಗಿ ಹಂಗೇ ಇಟ್ಟಾರ.” ಎರಡೂ ಮಾತು ನಾನೂ ನಮ್ಮ ಮನೆಯಲ್ಲಿ ಕೇಳಿ ಬೆಳೆದವಳು.

ಸೂಜಿ ಚುಚ್ಚಿದ ಜಾಗದಲ್ಲಿ ಕೆಲವು ದಿನ ಮುಟ್ಟಿದರೆ ನೋಯಬಹುದು. ವರ್ಷಗಟ್ಟಲೆ ಉಳಿಯುವ ಸೊಂಟನೋವಿಗೆ ಬೆನ್ನಿನ ಸೂಜಿ ಕಾರಣ ಎಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಬಸಿರಿನಲ್ಲಿ ಹಾರ್ಮೋನಿನಿಂದ ಕೀಲುಗಳ ಕಟ್ಟು ಸಡಿಲವಾಗುತ್ತದೆ, ಹೊಟ್ಟೆಯ ಭಾರಕ್ಕೆ ಬೆನ್ನು ಬಾಗುತ್ತದೆ, ಹೆರಿಗೆಯ ನಂತರ ಕೂಸನ್ನು ಬಗ್ಗಿ ಎತ್ತುವುದು, ಬಗ್ಗಿ ಹಾಲು ಕುಡಿಸುವುದು. ಸಹಜ ಹೆರಿಗೆಯಾದ, ಸೂಜಿಯನ್ನೇ ಕಾಣದ ಹೆಂಗಸರಿಗೂ ಸೊಂಟ ನೋಯುತ್ತದೆ. ಹಾಲಿನ ವಿಷಯ: ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಹಾಲಿಗೆ ಸೇರುವುದು ಅತಿ ಕಡಿಮೆ, ಬ್ಲಾಕ್‌ನ ಬುಪಿವಕೇನ್ ಕೂಡ ಹಾಗೇ. ಎಚ್ಚರಿಕೆ ಬೇಕಾದದ್ದು ಕೊಡೀನ್ ಮತ್ತು ಟ್ರಮಡಾಲ್ ಬಗ್ಗೆ. ಹಾಲುಣಿಸುವ ತಾಯಂದಿರಿಗೆ ಅವು ಬೇಡವೆಂದು ಅಮೆರಿಕದ ಔಷಧ ಇಲಾಖೆ 2017ರಲ್ಲಿ ಎಚ್ಚರಿಸಿದೆ. ನೋಡಿ, ಒಳ್ಳೆಯ ಬ್ಲಾಕ್ ಇದ್ದರೆ ಅಂಥ ಔಷಧದ ಅಗತ್ಯವೇ ಕಡಿಮೆಯಾಗುತ್ತದೆ. ಹಾಲು ನಿಜವಾಗಿ ತಡವಾಗುವುದು ತಾಯಿ ನೋವಿನಿಂದ ಮಗ್ಗಲು ಬದಲಿಸಲಾಗದೆ ಕೂಸನ್ನು ಹತ್ತಿರ ತೆಗೆದುಕೊಳ್ಳದಿದ್ದಾಗ. ಎದ್ದು ಓಡಾಡದೆ ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ.

ಸಬರ್ ಮಾಡು ಎಂದು ಹಿರಿಯರು ಹೇಳುವುದುಂಟು. ಮದ್ದಿಲ್ಲದ ಕಡೆ ಸಬರ್ ದೊಡ್ಡ ಗುಣ. ಮದ್ದು ಕಪಾಟಿನಲ್ಲಿರುವಾಗ ಅದನ್ನು ಕೇಳಿ ಪಡೆಯುವುದು ಸಬರ್‌ಗೆ ವಿರುದ್ಧವೆಂದು ನಮ್ಮ ದೀನಿನಲ್ಲಿ ಯಾವ ಆಲಿಮರೂ ನನಗೆ ಹೇಳಿಲ್ಲ. ಹುಡುಗಿಯರು ಆಮೇಲೆ ಬಂದು ಮೆಲ್ಲಗೆ ಕೇಳಿದ ಇನ್ನೊಂದು ಪ್ರಶ್ನೆ: ಬ್ಲಾಕ್ ಕೊಡುವವರು ಗಂಡಸರಾದರೆ? ಥಿಯೇಟರಿನಲ್ಲಿ ಸೂಜಿ ಚುಚ್ಚುವ ಜಾಗ ಬಿಟ್ಟು ಉಳಿದದ್ದೆಲ್ಲ ಹಸಿರು ಬಟ್ಟೆಯಲ್ಲಿ ಮುಚ್ಚಿರುತ್ತದೆ, ಜೊತೆಗೆ ಸಿಸ್ಟರ್ ಇರುತ್ತಾರೆ. ಲೇಡಿ ಡಾಕ್ಟರ್ ಬೇಕೆಂದು ಮೊದಲೇ ಕೇಳುವುದರಲ್ಲಿ ತಪ್ಪಿಲ್ಲ, ಇದ್ದರೆ ಬರುತ್ತಾರೆ. ಇಲ್ಲದಿರುವುದಕ್ಕೆ ಕಾರಣ ನಮ್ಮ ಊರುಗಳಿಂದ ಆ ಓದಿಗೆ ಹೋದ ಹುಡುಗಿಯರು ಕಡಿಮೆ. ನೀಟ್ ಒಂದೇ ಬಾಗಿಲಲ್ಲ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಡಿಯಲ್ಲಿ ಅರಿವಳಿಕೆ ಮತ್ತು ಆಪರೇಷನ್ ಥಿಯೇಟರ್ ತಂತ್ರಜ್ಞಾನದ ಬಿಎಸ್ಸಿ ಕೂಡ ಇದೆ.

ಮನೆಯಲ್ಲಿ ಯಾರಿಗಾದರೂ ಸಿಜೇರಿಯನ್ ದಿನ ಗೊತ್ತಾಗಿದ್ದರೆ ಆಪರೇಷನ್‌ಗೆ ಮುಂಚೆಯೇ ಅರಿವಳಿಕೆ ವೈದ್ಯರನ್ನು ಕಂಡು ಕೇಳಿ: “ಡಾಕ್ಟ್ರೇ, ಬೆನ್ನಿನ ಸೂಜಿ ಇಳಿದ ಮ್ಯಾಲೆ ನೋವಿಗೆ ಏನ್ ಕೊಡ್ತೀರಿ? ಬ್ಲಾಕ್ ಮಾಡ್ತೀರೇನ್ರಿ?” ಸೂಜಿ ಇಳಿದು ನೋವು ಏರಿದ ಮೇಲೆ ಕೇಳಿದರೆ ಆಗಲೇ ತಡ. ಸಹಿ ಮಾಡುವ ಕಾಗದ ಬರುವುದು ಗಂಡ, ತಂದೆ, ಅಣ್ಣನ ಕೈಗೆ, ಹಾಗಾಗಿ ಈ ಮಾತು ಹುಡುಗರಿಗೇ ಹೆಚ್ಚು. ಸರ್ಕಾರಿ ಆಸ್ಪತ್ರೆಯಾದರೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ 2011ರಿಂದ ಸಿಜೇರಿಯನ್, ಅದರ ಔಷಧ, ಏಳು ದಿನದ ಊಟ ಎಲ್ಲ ಉಚಿತ. ನೋವಿನ ಔಷಧವೂ ಅದರಲ್ಲೇ ಬರುತ್ತದೆ.

ಕೊನೆಗೆ ದ್ವಿತೀಯ ಪಿಯುಸಿಯವರಿಗೆ ಒಂದು ಲೆಕ್ಕ. ಶೇ. 0.25ರ ಬುಪಿವಕೇನ್ ಎಂದರೆ ಒಂದು ಮಿಲಿಲೀಟರ್‌ನಲ್ಲಿ 2.5 ಮಿಲಿಗ್ರಾಂ. ಎರಡೂ ಪಕ್ಕಕ್ಕೆ 20 ಮಿಲಿಲೀಟರ್‌ನಂತೆ ಟ್ಯಾಪ್ ಬ್ಲಾಕ್ ಕೊಡಬೇಕೆಂದಿದ್ದಾರೆ. ಬೆನ್ನಿನ ಸೂಜಿಯಲ್ಲಿ ಈಗಾಗಲೇ 10 ಮಿಲಿಗ್ರಾಂ ಹೋಗಿದೆ. ಮಿತಿ ಕಿಲೋಗೆ 2 ಮಿಲಿಗ್ರಾಂ ಎಂದು ಹಿಡಿಯಿರಿ. ಬಾಣಂತಿಯ ತೂಕ 60 ಕಿಲೋ ಆದರೆ ಕೊಡಬಹುದೇ? 45 ಕಿಲೋ ಆದರೆ? ಬರದಿದ್ದರೆ ಔಷಧ ಎಷ್ಟು ತೆಳುವಾಗಿಸಬೇಕು, ಮಿಲಿಲೀಟರ್ ಕಡಿಮೆ ಮಾಡದೆ? ಮಿಲಿಲೀಟರ್ ಏಕೆ ಕಡಿಮೆ ಮಾಡಬಾರದು ಎಂಬುದಕ್ಕೆ ಕಾರಣ ರಾನ್ವಿಯರ್ ಗಂಟುಗಳ ಮಾತಿನಲ್ಲಿದೆ. ಉತ್ತರ ಬರೆದು, ಹೆಸರು ಮತ್ತು ಸೆಕ್ಷನ್ ಹಾಕಿ, ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಮೇಲೆ ಇಡಿ.